ಭಾರ ಎತ್ತುವ ವಯಸ್ಸು

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮೈನೆರೆದ ದಿನದಿಂದ ಹೇಳುತ್ತಾ ಬರುವ ಮಾತೊಂದಿದೆ: ಭಾರ ಎತ್ತಬೇಡ. ಮುಟ್ಟಾದಾಗ ಕೊಡ ಎತ್ತಬೇಡ, ಬಸುರಿಯಾದಾಗ ಬಕೆಟ್ ಎತ್ತಬೇಡ, ಬಾಣಂತನದಲ್ಲಂತೂ ಕೇಳುವುದೇ ಬೇಡ. ನಲವತ್ತು ದಾಟಿತೆಂದರೆ ಇದರ ಜೊತೆಗೆ ಇನ್ನಷ್ಟು ಸೇರಿಕೊಳ್ಳುತ್ತವೆ. ರಾತ್ರಿ ಊಟ ಬಿಡು, ಶನಿವಾರ ಒಪ್ಪೊತ್ತು ಮಾಡು, ನೆಲದ ಮೇಲೆ ಕೂರಬೇಡ, ಇನ್ನೇನು ನಿಂತುಹೋಗುತ್ತೆ, ಸಹಿಸಿಕೋ. ಮುಟ್ಟು ನಿಲ್ಲುವ ಕಾಲ ಹತ್ತಿರವಾದ ಹೆಂಗಸಿಗೆ ಸಿಗುವ ಹಿತವಚನವೆಲ್ಲ ಕಡಿಮೆ ಮಾಡಿಕೋ ಎನ್ನುವುದೇ. ನನಗೀಗ ನಲವತ್ತೇಳು. ನನ್ನ ಮೈ ಕಲಿಸಿದ್ದೂ ನಾನು ಓದಿ, ಕೇಳಿ ತಿಳಿದದ್ದೂ ಇದಕ್ಕೆ ತದ್ವಿರುದ್ಧ. ಈ ವಯಸ್ಸಿನಲ್ಲಿ ದೇಹಕ್ಕೆ ಹೆಚ್ಚು ಕೊಡಬೇಕು. ಹೆಚ್ಚು ಒಳ್ಳೆಯ ಊಟ, ಹೆಚ್ಚು ಗಮನ, ಹೆಚ್ಚು ಭಾರ.

ನನ್ನಲ್ಲಿ ಶುರುವಾದದ್ದು ನಿದ್ದೆಯಿಂದ. ಬೆಳಗಿನ ಜಾವ ಮೂರು ಗಂಟೆಗೆ ಥಟ್ಟನೆ ಎಚ್ಚರವಾಗುತ್ತಿತ್ತು. ಮೈಸೂರಿನ ಪುಷ್ಯದ ಚಳಿಯಲ್ಲೂ ಕತ್ತಿನ ಹಿಂದೆ ಬೆವರು, ನೈಟಿ ಒದ್ದೆ. ಹೊದಿಕೆ ಒದ್ದು ಎದ್ದು ಕೂತರೆ ಹತ್ತು ನಿಮಿಷಕ್ಕೆ ನಡುಕ. ಆಮೇಲೆ ಎಡಭುಜ ಹಿಡಿದುಕೊಂಡಿತು, ಜಡೆ ಹೆಣೆಯಲು ಕೈ ಮೇಲೇಳದು. ತಿಂಗಳು ಸರಿಯಾಗಿ ಬರುತ್ತಿದ್ದ ಮುಟ್ಟು ಒಮ್ಮೆ ಮೂರು ವಾರಕ್ಕೇ ಬಂದು, ಇನ್ನೊಮ್ಮೆ ಎರಡು ತಿಂಗಳು ಕಾಣೆಯಾಗಿ, ಬಂದಾಗ ಕಟ್ಟೆ ಒಡೆದು ಬರುತ್ತಿತ್ತು. ನಾನು ಪಾಠ ಮಾಡುವವಳು. ವರ್ಷಗಟ್ಟಲೆ ಹೇಳಿಕೊಟ್ಟ ಸಮಾಸದ ಹೆಸರು ಬೋರ್ಡಿನ ಮುಂದೆ ನಿಂತಾಗ ನಾಲಗೆಗೆ ಬಾರದೆ ಹೋದಾಗ ನಿಜಕ್ಕೂ ಹೆದರಿಕೆಯಾಯಿತು. ಭುಜಕ್ಕೊಬ್ಬ ಡಾಕ್ಟರು, ನಿದ್ದೆಗೊಂದು ಮಾತ್ರೆ, ಮರೆವಿಗೆ ಬಾದಾಮಿ. ಇವೆಲ್ಲ ಒಂದೇ ಮನೆಯ ಮಕ್ಕಳಿರಬಹುದು ಎಂದು ಮೊದಲು ಹೇಳಿದವರು ಸ್ನೇಹಿತೆಯೊಬ್ಬಳು ಕರೆದೊಯ್ದ ಸ್ತ್ರೀರೋಗ ತಜ್ಞೆ.

ಅವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಅಂಡಾಶಯ ಒಂದು ದಿನ ದಿಢೀರನೆ ಕೆಲಸ ನಿಲ್ಲಿಸುವುದಿಲ್ಲ. ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ, ಆಗ ಪ್ರೊಜೆಸ್ಟೆರಾನ್ ಇಳಿಯುತ್ತದೆ. ಈಸ್ಟ್ರೊಜೆನ್ ಮಾತ್ರ ಒಂದು ವಾರ ಮೊದಲಿಗಿಂತಲೂ ಜಾಸ್ತಿ ಏರಿ ಮುಂದಿನ ವಾರ ಕುಸಿಯುತ್ತದೆ. ಈ ಏರಿಳಿತದಲ್ಲಿ ಮಿದುಳಿನೊಳಗೆ ಮೈಯ ಬಿಸಿಯನ್ನು ಕಾಯುವ ಜಾಗ ಸೂಕ್ಷ್ಮವಾಗಿಬಿಡುತ್ತದೆ. ಒಂದಿಷ್ಟು ಬಿಸಿ ಏರಿದರೂ ರಕ್ತನಾಳ ಹಿಗ್ಗಿಸಿ ಬೆವರಿಳಿಸುತ್ತದೆ. ಹನ್ನೆರಡು ತಿಂಗಳು ಪೂರ್ತಿ ಮುಟ್ಟಾಗದೆ ಕಳೆದ ಮೇಲಷ್ಟೇ ಮುಟ್ಟು ನಿಂತಿತು ಎನ್ನಬಹುದು. ಅದಕ್ಕೆ ಮೊದಲಿನ ಈ ಏರುಪೇರಿನ ವರ್ಷಗಳಿಗೆ ಪೆರಿಮೆನೊಪಾಸ್ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮ ದೇಶದಲ್ಲಿ 46–47. ಅಂದರೆ ನಮ್ಮವರಿಗೆ ನಲವತ್ತಕ್ಕೇ, ಕೆಲವರಿಗೆ ಅದಕ್ಕೂ ಮೊದಲೇ ಇದು ಶುರುವಾಗಿರುತ್ತದೆ. ಮಗಳ ಎಸ್ಸೆಸ್ಸೆಲ್ಸಿ, ಅತ್ತೆಯ ಕಾಯಿಲೆ, ಮನೆಸಾಲದ ಕಂತುಗಳ ನಡುವೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಅಮೆರಿಕದಲ್ಲಿ 1996ರಿಂದ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಾನುಗಟ್ಟಲೆ ಗಮನಿಸುತ್ತಾ ಬಂದ ಸ್ವಾನ್ ಎಂಬ ಅಧ್ಯಯನವಿದೆ. ಮೈ ಬಿಸಿಯೇರಿ ಬೆವರುವ ತೊಂದರೆ ಪದೇಪದೇ ಕಾಡಿದವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು ಎಂದು ಅದರಲ್ಲಿ ಕಂಡುಬಂತು. ಸಹಿಸಿಕೋ ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಏಳು ವರ್ಷ ಸಹಿಸುವಂಥದ್ದಲ್ಲ ಇದು.

ಡಾಕ್ಟರು ಹಾರ್ಮೋನ್ ಪರೀಕ್ಷೆ ಬರೆಯಲಿಲ್ಲ. "ನಲವತ್ತೈದು ದಾಟಿದೆ, ಲಕ್ಷಣ ಎಲ್ಲಾ ಹೇಳ್ತಿದೀರಿ. ಅದು ಇವತ್ತೊಂದು ಬರುತ್ತೆ, ನಾಳೆ ಇನ್ನೊಂದು ಬರುತ್ತೆ, ದುಡ್ಡು ದಂಡ" ಎಂದರು. ಅವರು ಬರೆದದ್ದು ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್, ಥೈರಾಯ್ಡ್, ಸಕ್ಕರೆ, ಬಿ12 ಮತ್ತು ವಿಟಮಿನ್ ಡಿ. ಥೈರಾಯ್ಡ್ ಏರುಪೇರಾದರೂ ಇದೇ ಸುಸ್ತು, ಇದೇ ಬೆವರು, ಇದೇ ಮುಟ್ಟಿನ ಗೊಂದಲ ಇರಬಹುದು, ಅದನ್ನು ಬಿಟ್ಟು ಮುಂದೆ ಹೋಗಬಾರದು ಎಂದರು. ರಿಪೋರ್ಟ್ ಬಂದಾಗ ನನ್ನ ಫೆರಿಟಿನ್ ತಳ ಕಂಡಿತ್ತು, ವಿಟಮಿನ್ ಡಿಯೂ ಅಷ್ಟೇ.

ಮಾತ್ರೆ ಡಬ್ಬಿಗಳ ವಿಷಯದಲ್ಲಿ ನನ್ನ ನಿಲುವು ಅಲ್ಲಿಂದ ಗಟ್ಟಿಯಾಯಿತು. ಕೊರತೆ ಇದೆಯೇ ಎಂದು ನೋಡಿಸಿ, ಇದ್ದರೆ ಪೂರ್ತಿ ತುಂಬಬೇಕು. ಇಲ್ಲದಿದ್ದರೆ ಆ ದುಡ್ಡಿಗೆ ಮೊಟ್ಟೆ, ಪನೀರು, ಹೆಸರುಕಾಳು ತರಬೇಕು. ನಮ್ಮ ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗುವ ಹೆಸರುಗಳು ಹತ್ತಾರು. ಒಬ್ಬರಿಗೆ ಮೆಗ್ನೀಸಿಯಂ, ಒಬ್ಬರಿಗೆ ಅಶ್ವಗಂಧ, ಅಮೆರಿಕದಿಂದ ಮಗಳು ಕಳಿಸಿದ್ದೆಂದು ಇನ್ನೊಬ್ಬರಿಗೆ ಬ್ಲ್ಯಾಕ್ ಕೊಹಾಷ್ ಎಂಬ ಗಿಡಮೂಲಿಕೆ. ಎಲ್ಲರ ಸಂಕಟವೂ ನಿಜವಾದದ್ದು, ಅದಕ್ಕೇ ಈ ಡಬ್ಬಿಗಳನ್ನು ಒಂದೊಂದಾಗಿ ನೋಡಬೇಕು ಅನ್ನಿಸಿತು.

ಮೊದಲಿನ ಸ್ಥಾನ ಕಬ್ಬಿಣಕ್ಕೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ ಹತ್ತಿರಹತ್ತಿರ 48 ಮಂದಿಗೆ ರಕ್ತಹೀನತೆ. ಈ ಸ್ಥಿತಿಯಲ್ಲಿ ನಲವತ್ತರ ನಂತರ ಮುಟ್ಟು ಕಟ್ಟೆ ಒಡೆದರೆ ಉಳಿಯುವುದೇನು? ವಯಸ್ಸಾಯಿತು ಎಂದು ನಾವು ಒಪ್ಪಿಕೊಳ್ಳುವ ಏದುಸಿರು, ಕೂದಲು ಉದುರುವುದು, ಮೆಟ್ಟಿಲು ಹತ್ತಲಾರದ ಕಾಲು, ಇವುಗಳಲ್ಲಿ ಬಹುಪಾಲು ರಕ್ತದ ಕೊರತೆಯೇ ಆಗಿರಬಹುದು. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಹತ್ತುತ್ತದೆ, ಕಾಫಿಯ ಜೊತೆ ಹತ್ತುವುದಿಲ್ಲ. ದಿನ ಬಿಟ್ಟು ದಿನ ತೆಗೆದುಕೊಂಡರೆ ಹೀರಿಕೆ ಇನ್ನೂ ಚೆನ್ನಾಗಿರುತ್ತದೆ, ಹೊಟ್ಟೆ ಕೆಡುವುದೂ ಕಡಿಮೆ. ಫಿಲ್ಟರ್ ಕಾಫಿ ಬಿಡುವ ಶಕ್ತಿ ನನಗಿಲ್ಲ, ಬಿಡಬೇಕಾಗಿಯೂ ಇಲ್ಲ. ಗಂಟೆಗಟ್ಟಲೆ ಅಂತರವಿದ್ದರೆ ಸಾಕು. ಕೆಲವೇ ತಿಂಗಳಲ್ಲಿ ಮೆಟ್ಟಿಲು ಮತ್ತೆ ನನ್ನವಾದವು.

ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಜೊತೆ ನುಂಗಬಾರದು, ಅದು ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಇವೆರಡರಿಂದಲೂ ನಾಲ್ಕು ಗಂಟೆ ದೂರವಿಡಬೇಕು. ಮೂರನ್ನೂ ಬೆಳಿಗ್ಗೆ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರು ನಮ್ಮ ಮನೆಗಳಲ್ಲಿ ಎಷ್ಟೋ ಜನ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ, ಮುಟ್ಟು ನಿಂತ ಮೇಲೆ 1200 ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. ಮೊದಲು ತಟ್ಟೆ ನೋಡಿಕೊಳ್ಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಒಂದು ಮುದ್ದೆ, ಎರಡು ಬಟ್ಟಲು ಮೊಸರು, ಎಳ್ಳು ಚಟ್ನಿ, ನುಗ್ಗೆಸೊಪ್ಪಿನ ಪಲ್ಯ ದಿನವೂ ಸಿಕ್ಕರೆ ಮಾತ್ರೆಗೆ ಉಳಿಯುವ ಕೆಲಸ ಸ್ವಲ್ಪವೇ. ವಿಟಮಿನ್ ಡಿಯ ವಾರಕ್ಕೊಂದು ಪೊಟ್ಟಣದಲ್ಲಿರುವುದು 60,000 ಯೂನಿಟ್. ಕೆಲವು ವಾರ ತೆಗೆದುಕೊಂಡು ಡಾಕ್ಟರಿಗೆ ತೋರಿಸಿ ಕಡಿಮೆ ಮಾಡಬೇಕಾದದ್ದು ಅದು. ವರ್ಷಗಟ್ಟಲೆ ವಾರವಾರವೂ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕುತ್ತು. ಸಸ್ಯಾಹಾರಿಗಳು ಬಿ12 ಮರೆಯಬಾರದು. ಕೈಕಾಲು ಜುಮ್ಮೆನ್ನುವುದಕ್ಕೂ ಮರೆವಿಗೂ ಅದು ಕಾರಣವಾಗಬಲ್ಲದು.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೆಗ್ನೀಸಿಯಂ ಕೆಲವರ ನಿದ್ದೆಗೂ ಮಲಬದ್ಧತೆಗೂ ಅನುಕೂಲ ಮಾಡುತ್ತದೆ, ಬಿಸಿ ಏರುವುದನ್ನು ನಿಲ್ಲಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಬ್ಲ್ಯಾಕ್ ಕೊಹಾಷ್ ಕುರಿತ ಪ್ರಯೋಗಗಳನ್ನೆಲ್ಲ 2012ರಲ್ಲಿ ಒಟ್ಟು ಹಾಕಿ ತೂಗಿದ ಕಾಕ್ರೇನ್ ವಿಮರ್ಶೆ, ಅದು ಕೆಲಸ ಮಾಡುತ್ತದೆ ಎನ್ನಲು ಸಾಕ್ಷ್ಯ ಸಾಲದು ಎಂದಿತು. ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಅಶ್ವಗಂಧ ನಮ್ಮದೇ ಬೇರು ನಿಜ, ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಕೂದಲಿಗೆಂದು ಬಯೋಟಿನ್ ತಿನ್ನುವವರು ರಕ್ತ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕು, ಥೈರಾಯ್ಡ್ ರಿಪೋರ್ಟನ್ನೇ ಅದು ತಪ್ಪು ತೋರಿಸುತ್ತದೆ. ಈ ಸಾಲಿನಲ್ಲಿ ನನಗೆ ನಂಬಿಕೆ ಹುಟ್ಟಿಸಿದ್ದು ಕ್ರಿಯಾಟಿನ್ ಒಂದೇ. ಮಾಂಸ, ಮೀನಿನಲ್ಲಿ ಸಹಜವಾಗಿ ಇರುವಂಥದ್ದು, ಆದ್ದರಿಂದ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕಡಿಮೆ. ದಿನಕ್ಕೆ 3ರಿಂದ 5 ಗ್ರಾಂ. ಅದನ್ನು ತಿಂದು ಕೂತರೆ ಹೆಚ್ಚೇನೂ ಆಗುವುದಿಲ್ಲ, ವ್ಯಾಯಾಮ ಮಾಡುವವರ ಸ್ನಾಯುಬಲಕ್ಕೆ ನೆರವಾಗುತ್ತದೆ. ಕೆನಡಾದಲ್ಲಿ ಮುಟ್ಟು ನಿಂತ 237 ಹೆಂಗಸರ ಮೇಲೆ ಎರಡು ವರ್ಷ ವ್ಯಾಯಾಮದ ಜೊತೆ ಕ್ರಿಯಾಟಿನ್ ಪರೀಕ್ಷಿಸಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಮೂಳೆಯ ಸಾಂದ್ರತೆಯನ್ನು ಅದು ಹೆಚ್ಚಿಸಲಿಲ್ಲ. ಕಿಡ್ನಿ ತೊಂದರೆ ಇರುವವರು ದೂರವಿರಬೇಕು.

ಹಾಗಾದರೆ ಮೂಳೆಗೆ ಏನು ಬೇಕು? ಮೂಳೆ ಜೀವವಿಲ್ಲದ ಕಂಬವಲ್ಲ. ಹಳೆಯ ಗೋಡೆ ಕೆಡವುವವರೂ ಹೊಸದು ಕಟ್ಟುವವರೂ ಒಟ್ಟಿಗೆ ದುಡಿಯುತ್ತಿರುವ ಮನೆ ಅದು. ಕೆಡವುವ ಜೀವಕೋಶಗಳ ಕೈ ತಡೆದಿರುವುದು ಈಸ್ಟ್ರೊಜೆನ್. ಅದು ಇಳಿದಾಗ ಕೆಡವುವುದು ಮುಂದಾಗುತ್ತದೆ. ಸ್ವಾನ್ ಅಧ್ಯಯನದಲ್ಲಿ ಕಂಡಂತೆ ಕೊನೆಯ ಮುಟ್ಟಿಗೆ ಸುಮಾರು ಒಂದು ವರ್ಷ ಮುಂಚಿನಿಂದ, ಅದಾದ ಎರಡು ವರ್ಷದವರೆಗೆ ಮೂಳೆಯ ಸವಕಳಿ ಬಹಳ ಜೋರು. ಸ್ನಾಯುವಿನ ಕಥೆಯೂ ಹೀಗೇ, ಮೂವತ್ತರ ನಂತರ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ. ಕಟ್ಟುವ ಜೀವಕೋಶಗಳನ್ನು ಎಬ್ಬಿಸಿ ದುಡಿಸುವುದು ಭಾರ. ಮೂಳೆ ಬಾಗುವಷ್ಟು, ಸ್ನಾಯು ಎಳೆಯುವಷ್ಟು ಭಾರ ಬಿದ್ದಾಗ ಅಲ್ಲಿಗೆ ಕ್ಯಾಲ್ಸಿಯಂ ಚೆನ್ನಾಗಿ ಸೇರುತ್ತದೆ.

ನಮ್ಮೂರಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಗೆ ಹೋದರೆ ಸೀರೆ, ಚೂಡಿದಾರದ ಮೇಲೆ ಸ್ವೆಟರು, ಕಾಲಿಗೆ ಶೂ ಹಾಕಿದ ನನ್ನ ವಯಸ್ಸಿನವರೇ ತುಂಬಿರುತ್ತಾರೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಮನಸ್ಸಿಗೆ ಇನ್ನೂ ಒಳ್ಳೆಯದು. ಆದರೆ ಇಷ್ಟು ವರ್ಷ ನಡೆದೇ ಅಭ್ಯಾಸವಿರುವ ಮೂಳೆಗೆ ಅದು ಹೊಸ ಕೆಲಸವಲ್ಲ. ಅದೇ ಊರಿನಲ್ಲಿ ತಲೆಮಾರುಗಳಿಂದ ಗರಡಿ ಮನೆಗಳಿವೆ. ಕೆಮ್ಮಣ್ಣು, ಗದೆ, ದಂಡ, ಬಸ್ಕಿ. ಹೆಂಗಸರು ಅದರ ಹೊಸಿಲು ದಾಟುವಂತಿರಲಿಲ್ಲ. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಅಖಾಡಕ್ಕಿಳಿಯುತ್ತಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಗಂಡಸರನ್ನು ನೋಡಿ ಶಿಳ್ಳೆ ಹೊಡೆಯುವ ನಾಡು ನಮ್ಮದು. ಬಲ ಎಂದರೇನೆಂದು ಈ ನಾಡಿಗೆ ಚೆನ್ನಾಗಿ ಗೊತ್ತಿತ್ತು, ಅದು ಹೆಂಗಸಿನ ಮದ್ದೂ ಹೌದೆಂದು ಯಾರೂ ಹೇಳಲಿಲ್ಲ.

ನಾನು ಸೇರಿದ್ದು ಬಡಾವಣೆಯ ಚಿಕ್ಕ ಜಿಮ್. ಕಲಿಸುವವಳು ಫಿಸಿಯೋಥೆರಪಿ ಓದಿದ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಮೊದಲು ಕುರ್ಚಿಯಿಂದ ಕೈ ಊರದೆ ಎದ್ದು ಕೂರಿಸಿದಳು, ಗೋಡೆಗೆ ದಂಡ ಹೊಡೆಸಿದಳು. ತಿಂಗಳುಗಳ ಮೇಲೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟಿಗೆ ಬಂದಳು. ಕಬ್ಬಿಣದ ಸಲಾಕೆ ಪಾದದ ನಡುವಿನ ಮೇಲೆ ಬರುವಂತೆ ನಿಲ್ಲಬೇಕು. ಸೊಂಟ ಹಿಂದಕ್ಕೆ ತಳ್ಳಿ ಬಾಗಿ ಹಿಡಿಯಬೇಕು, ಬೆನ್ನು ಗೂನಾಗಬಾರದು. ಉಸಿರು ಹೊಟ್ಟೆಗೆ ತುಂಬಿ, ಎಳೆಯುವ ಬದಲು ಪಾದದಿಂದ ನೆಲವನ್ನು ಒತ್ತಬೇಕು. ಸಲಾಕೆ ಮೊಣಕಾಲ ಕೆಳಗಿನ ಮೂಳೆಯನ್ನು ಸವರಿಕೊಂಡೇ ಮೇಲೇರಬೇಕು. "ಮೇಡಂ, ಬೆನ್ನಲ್ಲಿ ಎತ್ತಬೇಡಿ, ಕಾಲಲ್ಲಿ ಎತ್ತಿ" ಎಂದು ಅವಳು ಪಕ್ಕದಲ್ಲೇ ಕೂತು ನೋಡುತ್ತಾಳೆ. ನೆಟ್ಟಗೆ ನಿಂತಾಗ ಹಿಮ್ಮಡಿಯಿಂದ ಕತ್ತಿನವರೆಗೆ ಒಂದೇ ಗೆರೆಯಲ್ಲಿ ಬಿಗಿ ಬರುತ್ತದೆ. ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಸುಮಾರು ಮೂವತ್ತು ಕಿಲೋ. ಅಷ್ಟನ್ನು ಮೊದಲ ಸಲ ಸರಾಗವಾಗಿ ಎತ್ತಿ ಇಳಿಸಿದ ದಿನ ನನ್ನ ಕಣ್ಣು ತುಂಬಿತು. ಆ ಹುಡುಗಿ ಏನೂ ಹೇಳದೆ ಎರಡೂವರೆ ಕಿಲೋದ ಇನ್ನೊಂದು ಜೊತೆ ತಟ್ಟೆ ತಂದು ಸೇರಿಸಿದಳು.

ಇದು ನನ್ನೊಬ್ಬಳ ಉತ್ಸಾಹವಲ್ಲ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆರಡು ಸಲ, ಅರ್ಧ ಗಂಟೆಯಂತೆ ಎಂಟು ತಿಂಗಳು ನಿಜವಾದ ದೊಡ್ಡ ಭಾರ ಎತ್ತಿಸಿದರು. ಇನ್ನೊಂದಕ್ಕೆ ಮನೆಯಲ್ಲೇ ಮಾಡುವ ಹಗುರ ವ್ಯಾಯಾಮ. ಭಾರ ಎತ್ತಿದವರ ಸೊಂಟದ ಮಟ್ಟದ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ 2.9ರಷ್ಟು ಏರಿತು, ಹಗುರ ವ್ಯಾಯಾಮದವರದು 1.2ರಷ್ಟು ಇಳಿಯಿತು. ಲಿಫ್ಟ್‌ಮೋರ್ ಎಂಬ ಈ ಪ್ರಯೋಗದಲ್ಲಿ ತರಬೇತಿದಾರರು ಸದಾ ಪಕ್ಕದಲ್ಲಿದ್ದರು ಎನ್ನುವುದನ್ನು ಮರೆಯಬಾರದು. ಸ್ವೀಡನ್ನಿನ ಇನ್ನೊಂದು ಚಿಕ್ಕ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ, ಹದಿನೈದು ವಾರ ಭಾರದ ವ್ಯಾಯಾಮ ಮಾಡಿದ ಹೆಂಗಸರಲ್ಲಿ ಬಿಸಿ ಏರುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನನ್ನ ಬೆವರು ಪೂರ್ತಿ ನಿಂತಿಲ್ಲ. ಆದರೆ ಜಿಮ್ಮಿಗೆ ಹೋದ ರಾತ್ರಿ ಮೂರು ಗಂಟೆಯ ಎಚ್ಚರ ಅಪರೂಪ, ಎಡಗೈ ಜಡೆಯವರೆಗೆ ಏರುತ್ತದೆ.

ಭಾರ ಎತ್ತಬೇಡ ಎಂದ ಅಜ್ಜಿಯರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾಲು ಸಾಲು ಹೆರಿಗೆ, ಹೆತ್ತ ಕೆಲವೇ ದಿನಕ್ಕೆ ಗದ್ದೆ ಕೆಲಸ, ಸೌದೆ ಹೊರೆ. ಗರ್ಭಕೋಶ ಜಾರಿ ನರಳಿದವರನ್ನು ಅವರು ಕಣ್ಣಾರೆ ಕಂಡಿದ್ದರು. ಆ ಮಾತಿನ ಹಿಂದೆ ಪ್ರೀತಿಯಿತ್ತು. ಈಗಲೂ ಗರ್ಭಕೋಶ ಜಾರಿದವರು, ಕೆಮ್ಮಿದರೆ ಮೂತ್ರ ಸೋರುವವರು, ಮೂಳೆ ತೀರಾ ಸವೆದವರು ಫಿಸಿಯೋಥೆರಪಿಸ್ಟ್ ಹತ್ತಿರ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಕಲಿತು ಆಮೇಲೆ ಮೆಲ್ಲಗೆ ಮುಂದುವರಿಯಬೇಕು.

ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಮಾತು ಬೇಕು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಹೃದಯದ ಅಪಾಯದ ಸುದ್ದಿ ಕೊಟ್ಟು ಅರ್ಧಕ್ಕೆ ನಿಂತಿತು, ಜಗತ್ತೇ ಬೆದರಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎನ್ನುವುದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಿಗೆ ಲಾಭವೇ ಹೆಚ್ಚೆಂದು ಈಗ ತಜ್ಞರು ಹೇಳುತ್ತಾರೆ. ಬಿಸಿ ಏರುವುದಕ್ಕೆ ಅದಕ್ಕಿಂತ ಬಲವಾದ ಮದ್ದಿಲ್ಲ. ನನ್ನ ಸ್ನೇಹಿತೆಗೆ ಅದರಿಂದಲೇ ನಿದ್ದೆ ಮರಳಿತು. ಆ ಹೆದರಿಕೆ ಬಿಟ್ಟುಹೋದ ಖಾಲಿ ಜಾಗದಲ್ಲೇ ಇಷ್ಟೊಂದು ಡಬ್ಬಿಗಳು ಬಂದು ಕೂತಿವೆ ಎಂದು ನನ್ನ ನಂಬಿಕೆ.

ನಮ್ಮ ಮನೆಗೆಲಸಕ್ಕೆ ಬರುವವಳು ನನ್ನ ವಾರಿಗೆಯವಳು. ಒಂದು ದಿನ ನಾನು ಅಕ್ಕಿ ಮೂಟೆ ಎತ್ತಿದ್ದನ್ನು ಕಂಡು, "ಅಕ್ಕಾ, ನಾನು ದಿನಾ ಎತ್ತೋಳೇ ಅಲ್ವಾ, ನಂಗ್ಯಾಕೆ ಮಂಡಿ ನೋವು ಹೋಗಲ್ಲ?" ಎಂದು ಕೇಳಿದಳು. ಅವಳ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವಳು ಎತ್ತುವ ಭಾರಕ್ಕೆ ನಡುವೆ ವಿಶ್ರಾಂತಿಯಿಲ್ಲ, ಹಿಂದೆ ಊಟವಿಲ್ಲ. ಬೆಳಿಗ್ಗೆ ಟೀ, ಮಧ್ಯಾಹ್ನ ಅನ್ನ ತಿಳಿಸಾರು. ಐವತ್ತೈದು ಕಿಲೋ ತೂಗುವ ಹೆಂಗಸಿಗೆ ದಿನಕ್ಕೆ ಕಡಿಮೆಯೆಂದರೂ 45 ಗ್ರಾಂ ಪ್ರೊಟೀನ್ ಬೇಕು, ಮೈ ಮುರಿದು ದುಡಿಯುವವಳಿಗೆ ಇನ್ನೂ ಹೆಚ್ಚು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಮೇಲಾಗಿ ಅವಳಿಗೆ ತಿಂಗಳಲ್ಲಿ ಹದಿನೈದು ದಿನ ರಕ್ತಸ್ರಾವ. ಒಂದು ಕಡೆ ತೋರಿಸಿದಾಗ, ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು ಎಂದಿದ್ದರಂತೆ. ಹೀಗೆ ಬಡ ಹೆಂಗಸರ ಗರ್ಭಕೋಶ ಕಾರಣವಿಲ್ಲದೆ ತೆಗೆಯುವುದನ್ನು ತಡೆಯಬೇಕೆಂದು ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಹೇಳಿದೆ. ಅಂಡಾಶಯ ಉಳಿಸಿದರೂ ಗರ್ಭಕೋಶ ತೆಗೆದವರಿಗೆ ಮುಟ್ಟು ನಿಲ್ಲುವ ತೊಂದರೆಗಳು ಬೇಗ ಬರಬಹುದು, ಮೂಳೆಯೂ ಬೇಗ ಸವೆಯಬಹುದು.

ಅವಳನ್ನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದರು, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೇನೂ ಇರಲಿಲ್ಲ. ಗರ್ಭಕೋಶದೊಳಗೆ ಹಾರ್ಮೋನ್ ಇರುವ ವಂಕಿ ಹಾಕಿದರು. ಕೆಲವು ತಿಂಗಳಲ್ಲಿ ಸ್ರಾವ ಕಡಿಮೆಯಾಗಿ, ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಮೇಲೇರಿತು. ನಮ್ಮ ಮನೆಯಲ್ಲಿ ಕೆಲಸಕ್ಕೆ ಮೊದಲು ಎರಡು ಮೊಟ್ಟೆ ತಿನ್ನುತ್ತಾಳೆ, ಕೂತು ತಿನ್ನುತ್ತಾಳೆ. ಅವಳ ತಂಗಿ ನಂಜನಗೂಡಿನ ಕಡೆಯ ಹಳ್ಳಿಯವಳು, ಮೂವತ್ತಾರು ವಯಸ್ಸು. ಅವಳಿಗೂ ಗರ್ಭಕೋಶ ತೆಗೆಯಲು ತಾರೀಕು ಕೊಟ್ಟಿದ್ದಾರಂತೆ. ಆ ತಾರೀಕಿಗೆ ಹೋಗಬೇಡ, ಗುರುವಾರ ಬಸ್ ಹತ್ತಿ ಇಲ್ಲಿಗೆ ಬಾ ಎಂದು ಅಕ್ಕನೇ ಫೋನು ಮಾಡಿ ಹೇಳಿದ್ದಾಳೆ. ಡಾಕ್ಟರ ಹತ್ತಿರ ಮೊದಲೇ ಟೋಕನ್ ತೆಗೆದಿಟ್ಟಿದ್ದೇವೆ.